ನಾಲ್ಕನೇ ನಂಬರಿನ ಗೋಧಿ

ಒಂದು ಬಾಟಲಿಗೆ ಏನು ಖರ್ಚು ಬೀಳುತ್ತದೆ ಎಂಬುದು ನಸೀಮ್ ಬಾನುಗೆ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ದುಬಾರಿ ಅಗಾರ್ ಪುಡಿ. ಕಡಲ ಪಾಚಿಯಿಂದ ತೆಗೆದ ಆ ಬಿಳಿ ಪುಡಿ ಹಾಕಿದರೇ ಗಿಡದ ಆಹಾರವೆಲ್ಲ ಗಟ್ಟಿಯಾಗಿ ಬಾಟಲಿಯ ತಳದಲ್ಲಿ ನಿಲ್ಲುವುದು. ಅದರ ಒಂದು ಡಬ್ಬಿ ತರಿಸಿದ ವಾರ ಬಾಟಲಿಯಲ್ಲಿ ಬಾಳೆ ಸಸಿ ಬೆಳೆಸುವ ಆ ಲ್ಯಾಬಿನ ಯಜಮಾನ ತಿಮ್ಮರಾಜು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಆಮೇಲೆ ಕರೆಂಟು. ಹಗಲು ರಾತ್ರಿ ಉರಿಯುವ ಟ್ಯೂಬ್‌ಲೈಟುಗಳ ಬಿಲ್ಲು ಒಂದು ಕಡೆ, ಅವು ಕಾಯಿಸಿದ ಕೋಣೆಯನ್ನು ತಣ್ಣಗೆ ಮಾಡುವ ಎಸಿಯ ಬಿಲ್ಲು ಇನ್ನೊಂದು ಕಡೆ. ಸಕ್ಕರೆ ಅಗ್ಗ. ಉಪ್ಪು ಇನ್ನೂ ಅಗ್ಗವಾಗಬೇಕಿತ್ತು, ಆದರೆ ಗೋಧಿಯ ಕೆಲಸ ಕೊಟ್ಟ ಕಂಪನಿಯವರು ಅಡುಗೆಮನೆ ಉಪ್ಪು ಆಗದು, ಪರೀಕ್ಷೆಯ ಉಪ್ಪೇ ಬೇಕು ಎಂದದ್ದರಿಂದ ಅದೂ ತುಪ್ಪದ ಬೆಲೆಗೆ ಸೀಸೆಯಲ್ಲಿ ಬರುತ್ತಿತ್ತು. ಕಾಸಿಲ್ಲದೆ ಬರುತ್ತಿದ್ದದ್ದು ತೆಂಗಿನಕಾಯಿ ನೀರೊಂದೇ. ಕಾಯಿ ಒಡೆದಾಗ ಲ್ಯಾಬಿನ ಅಡುಗೆಯ ಲಕ್ಷ್ಮಕ್ಕ ನೀರನ್ನು ಬಟ್ಟೆಯಲ್ಲಿ ಸೋಸಿ ಜಗ್ಗಿನಲ್ಲಿ ತಂದು ಮೇಜಿನ ಮೇಲಿಡುತ್ತಿದ್ದಳು. ಬಾಳೆಯ ಕಣ್ಣು ಚೆನ್ನಾಗಿ ಒಡೆಯಲೆಂದು ಅದನ್ನು ಆಹಾರಕ್ಕೆ ಬೆರೆಸುವುದು ಇಲ್ಲಿಯ ವಾಡಿಕೆ. ಪುಕ್ಕಟೆ ಬಂದದ್ದೇ ಎಲ್ಲಕ್ಕಿಂತ ದುಬಾರಿಯಾಗುವುದಿದೆ ಎಂಬುದು ಯಾವ ಲೆಕ್ಕದಲ್ಲೂ ಇರಲಿಲ್ಲ.

ತಿಪಟೂರಿನಿಂದ ಹುಳಿಯಾರಿನ ಕಡೆ ಹೋಗುವ ರಸ್ತೆಯಲ್ಲಿ ತಿಮ್ಮರಾಜುವಿನ ತಂದೆ ಕೊಬ್ಬರಿ ತುಂಬಿಡಲು ಕಟ್ಟಿಸಿದ್ದ ಗೋಡೌನೇ ಈಗ ಲ್ಯಾಬು. ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿ, ಬಾಗಿಲಿಗೆ ಗಾಜು ಕೂರಿಸಿ, ಚಪ್ಪಲಿ ಬಿಡಲು ಕಟ್ಟೆ ಕಟ್ಟಿಸಿದ್ದರೂ ಮಧ್ಯಾಹ್ನ ಸೂರು ಕಾದರೆ ಹಳೆಯ ಕೊಬ್ಬರಿಯ ಎಣ್ಣೆವಾಸನೆ ಎಲ್ಲಿಂದಲೋ ಇಳಿದು ಬರುತ್ತಿತ್ತು. ಆ ಬೆಳಗ್ಗೆ ಇನ್ನೂ ಕಾದಿರಲಿಲ್ಲ. ಬಾಟಲಿಗಳನ್ನು ಜೋಡಿಸಿದ ತಣ್ಣನೆಯ ಕೋಣೆಯಲ್ಲಿ ನಸೀಮ್ ನಾಲ್ಕನೇ ನಂಬರಿನದೊಂದನ್ನು ಬೆಳಕಿಗೆ ಎತ್ತಿ ಹಿಡಿದಳು. ಗೋಧಿಯ ಮುದ್ದೆ ಕೆನೆ ಬಣ್ಣಕ್ಕೆ, ಗುಳ್ಳೆಗುಳ್ಳೆಯಾಗಿ, ಹೆಮ್ಮೆಯಿಂದ ಕೂತಿತ್ತು. ಅವಳು ನೋಡಿದ್ದು ಮುದ್ದೆಯನ್ನಲ್ಲ, ಅದರ ಕೆಳಗಿನ ಆಹಾರವನ್ನು. ಪಕ್ಕದ ಎರಡನೇ ನಂಬರಿನಲ್ಲಿ ಅದು ಗಾಜಿನ ಹಾಗೆ ತಿಳಿಯಾಗಿತ್ತು. ನಾಲ್ಕರಲ್ಲಿ ಚೂರು ಮಸುಕು, ಅಕ್ಕಿ ತೊಳೆದ ನೀರಿಗೆ ಇನ್ನಷ್ಟು ನೀರು ಬೆರೆಸಿದರೆ ಬರುವಷ್ಟು. ತೆಂಗಿನ ನೀರನ್ನು ಕ್ರಿಮಿ ಸಾಯಿಸುವ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿದರೆ ಹೀಗೇ ಮಂಜು ಕಟ್ಟುತ್ತದೆ. ಬಾಳೆಯ ಬಾಟಲಿಗಳಲ್ಲಿ ಇದನ್ನು ಅವಳು ಒಂಬತ್ತು ವರ್ಷದಿಂದ ನೋಡಿದ್ದಾಳೆ. ಗೋಧಿಯ ಬಾಟಲಿಯಲ್ಲೂ ನೋಡಿದ್ದಳು, ಕೆಲವು ವಾರಗಳ ಹಿಂದೆಯೇ. ಈ ಸಲದ ಅಗಾರ್ ಕಳಪೆ ಇರಬೇಕು ಎಂದುಕೊಂಡು ಬಾಟಲಿಯನ್ನು ಹಿಂದಿನ ಸಾಲಿಗೆ ಇಟ್ಟಿದ್ದಳು. ಅದೇ ಡಬ್ಬಿಯ ಅಗಾರ್ ಉಳಿದ ಐದಕ್ಕೂ ಹೋಗಿದೆಯಲ್ಲ ಎಂದು ತಲೆ ಕೇಳಲು ಹೊರಟಾಗ ಅವಳಿಗೆ ಬೇರೇನೋ ಕೆಲಸ ನೆನಪಾಗಿತ್ತು. ಆ ದಿನಗಳಲ್ಲಿ ಅವಳಿಗೆ ಬಹಳ ಕೆಲಸಗಳು ನೆನಪಾಗುತ್ತಿದ್ದವು.

ಗೋಧಿ ಇಲ್ಲಿಗೆ ಬಂದದ್ದೇ ಒಂದು ತಮಾಷೆ. ಲ್ಯಾಬಿನಲ್ಲಿ ಗೋಧಿಯ ಪೈರನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ, ಕಂಡದ್ದೆಲ್ಲ ಹಿಟ್ಟು. ಉತ್ತರದ ಕಡೆ ಕಾಲುವೆ ನೀರು ಹಾಯಿಸಿ ಹಾಯಿಸಿ ಉಪ್ಪೇರಿದ ಹೊಲಗಳಿವೆಯಂತೆ. ಅಂಥ ನೆಲದಲ್ಲಿ ಯಾವ ತಳಿ ತಡೆದೀತು ಎಂದು ಹೊಲದಲ್ಲಿ ನೋಡಲು ವರ್ಷಗಳು ಬೇಕು, ಬಾಟಲಿಯಲ್ಲಾದರೆ ಬೇಗ ಅಂದಾಜು ಸಿಗುತ್ತದೆಂದು ಬೀಜದ ಕಂಪನಿಯೊಂದು ಆರು ಪೊಟ್ಟಣ ಕಳಿಸಿತ್ತು. ಪೊಟ್ಟಣಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಕಾಳಿನೊಳಗಿನ ಮೊಳಕೆಯ ಕಣ್ಣನ್ನು ಬಿಡಿಸಿ ಆಹಾರದ ಮೇಲೆ ಕೂರಿಸಬೇಕು. ಹೊಲದಲ್ಲಿ ಕಳೆ ಸಾಯಿಸಲು ಹೊಡೆಯುವ ಔಷಧಿಯನ್ನೇ ಕಣ್ಣಿಗೆ ಕಾಣದಷ್ಟು ಬೆರೆಸಿದರೆ ಅದು ಬೇರೂ ಬಿಡದೆ ಎಲೆಯೂ ಬಿಡದೆ, ತಾನು ಏನಾಗಬೇಕೆಂದು ಮರೆತು, ಸುಮ್ಮನೆ ಮುದ್ದೆಯಾಗಿ ಉಬ್ಬುತ್ತದೆ. ಆ ಮುದ್ದೆಯನ್ನು ಚೂರು ಮಾಡಿ ಉಪ್ಪು ಬೆರೆಸಿದ ಆಹಾರಕ್ಕೆ ದಾಟಿಸಬೇಕು. ತಡೆಯದ್ದು ಕಂದಾಗಿ ನೀರೊಡೆಯುತ್ತದೆ, ತಡೆದದ್ದು ಬೆಳೆಯುತ್ತದೆ. ಇದನ್ನೆಲ್ಲ ಮೊದಲ ಸಲ ಕೇಳಿದಾಗ ತಿಮ್ಮರಾಜು, ನಮ್ಮ ಕಡೆ ತೆಂಗಿನ ಗುಂಡಿಗೆ ಉಪ್ಪು ಸುರಿದು ಸಸಿ ಬದುಕಿಸ್ತೀವಿ, ಇವರು ಉಪ್ಪು ಹಾಕಿ ಸಾಯ್ಸೋಕೆ ನಮಗೇ ದುಡ್ಡು ಕೊಡ್ತಾರಲ್ಲ ಎಂದು ನಕ್ಕಿದ್ದ. ಆದರೆ ನಗುವ ಕಾಲ ಅದಾಗಿರಲಿಲ್ಲ. ಬಾಳೆ ಸಸಿ ಮಾಡುವ ಲ್ಯಾಬುಗಳು ಊರಿಗೊಂದು ಎದ್ದು ಗಿರಾಕಿ ಹಂಚಿಹೋಗಿದ್ದರು. ಈ ಆರು ಪೊಟ್ಟಣದ ಕೆಲಸ ಒಪ್ಪಿಗೆಯಾದರೆ ಮೂರು ವರ್ಷ ಇಂಥದೇ ಕೆಲಸ ಕೊಡುವುದಾಗಿ ಕಂಪನಿ ಹೇಳಿತ್ತು. ಹಾಗಾದರೆ ಗೋಧಿಗೇ ಬೇರೆ ಕೋಣೆ, ಅದರ ಮೇಲ್ವಿಚಾರಣೆ ಪೂರ್ತಿ ನಸೀಮಳದು. ಬಾಗಿಲ ಮೇಲೆ ಅವಳ ಹೆಸರು ಬರೆಸುತ್ತೇನೆಂದು ತಿಮ್ಮರಾಜು ಒಮ್ಮೆ ಅಂದುಬಿಟ್ಟಿದ್ದ. ಅವನು ಅಂದು ಮರೆತ. ಅವಳು ಮಾತ್ರ ಆ ಹಲಗೆಯನ್ನು ಮನಸ್ಸಿನಲ್ಲೇ ಎರಡು ಮೂರು ಬಣ್ಣದಲ್ಲಿ ಬರೆಸಿ ನೋಡಿದ್ದಳು.

ಇವತ್ತು ಕಂಪನಿಯವರು ನೋಡಲು ಬರುವ ದಿನ. ಅವರು ಬಾಟಲಿ ಮುಟ್ಟುವ ಮೊದಲೇ ಹೇಳಿಬಿಡಬೇಕು. ಹೇಳುವುದೇನು ಕಷ್ಟವಲ್ಲ. ನಾಲ್ಕನೇ ನಂಬರಿನ ಆಹಾರ ಮಾಡಿದ ದಿನ ಬೆಳಗ್ಗಿನಿಂದ ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಗೋಧಿಗೆ ಬೆರೆಸಬಾರದ ತೆಂಗಿನ ನೀರಿನ ಜಗ್ಗು ಎಂದಿನ ಜಾಗದಲ್ಲಿತ್ತು, ಕೈ ಎಂದಿನಂತೆ ಅದನ್ನು ಎತ್ತಿ ಸುರಿಯಿತು. ತಲೆ ಎಲ್ಲಿತ್ತೆಂದು ಈಗ ಹುಡುಕಿದರೆ ಬಾಗಿಲ ಮೇಲಿನ ಹಲಗೆಯ ಹತ್ತಿರ ಎಲ್ಲೋ ಇದ್ದಿರಬೇಕು. ಉಳಿದ ಐದು ನಂಬರುಗಳ ಮುದ್ದೆಗಳು ಹೆಚ್ಚು ಉಪ್ಪಿನ ಬಾಟಲಿಗಳಲ್ಲಿ ಒಂದೊಂದಾಗಿ ಕಂದಾಗಿ ಕುಸಿದಾಗ ನಾಲ್ಕು ಮಾತ್ರ ನಿಂತಿತು. ಆ ದಿನ ತಿಮ್ಮರಾಜು ಕೆಲಸದ ಹೆಂಗಸರಿಗೆಲ್ಲ ಬೋಂಡಾ ತರಿಸಿದ. ನಸೀಮ್ ಎರಡು ತಿಂದಳು. ತೆಂಗಿನ ನೀರು ಕುಡಿದ ಗೋಧಿ ಉಪ್ಪನ್ನು ತಡೆದದ್ದರಲ್ಲಿ ಗೋಧಿಯ ಹೆಚ್ಚುಗಾರಿಕೆ ಎಷ್ಟು ಎಂದು ಕೇಳಬಲ್ಲ ಒಬ್ಬಳೇ ಒಬ್ಬಳು ಆ ಹೊತ್ತಿಗೆ ಚಟ್ನಿ ಸಾಲದೆಂದು ಕೂಗುತ್ತಿದ್ದಳು.

ಅವಳ ಅಬ್ಬಾ ಗಯಾಜ್ ಪೇಟೆಬೀದಿಯಲ್ಲಿ ದರ್ಜಿ. ಯಾರದೋ ರವಿಕೆಯ ತೋಳನ್ನು ಒಮ್ಮೆ ಗಿಡ್ಡ ಕತ್ತರಿಸಿಬಿಟ್ಟಿದ್ದರು. ಆ ಹೆಂಗಸು ಬಂದು ನೋಡಿ ಹುಬ್ಬೇರಿಸಿದಾಗ, ಈಗೆಲ್ಲಾ ಇದೇ ನಡೀತಾ ಇರೋದಮ್ಮ ಎಂದರಂತೆ. ಮುಂದಿನ ವಾರ ಅದೇ ತೋಳು ಬೇಕೆಂದು ಇನ್ನಿಬ್ಬರು ಬಟ್ಟೆ ತಂದರಂತೆ. ಹಬ್ಬಕ್ಕೆ ಮನೆ ತುಂಬಿದಾಗಲೆಲ್ಲ ಈ ಕಥೆ ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು, ಅಬ್ಬಾ ಪ್ರತಿ ಸಲವೂ ಗೆಲ್ಲುತ್ತಿದ್ದರು. ಆ ಮೊದಲನೆಯ ಹೆಂಗಸು ರವಿಕೆಯನ್ನು ಹಾಕಿಕೊಂಡಳೋ, ಪೆಟ್ಟಿಗೆಯ ತಳಕ್ಕೆ ಹಾಕಿದಳೋ ಎಂದು ಯಾರೂ ಕೇಳಿರಲಿಲ್ಲ. ನಸೀಮ್ ಬಾಟಲಿಯನ್ನು ಅದರ ಜಾಗದಲ್ಲಿಟ್ಟಳು. ಹೊರಗೆ ಹೋಗಿ ತಿಮ್ಮರಾಜುವಿಗೆ ಹೇಳಿಯೇಬಿಟ್ಟಳು.

ಅವನು ಅಂಗಳದಲ್ಲಿ ನಿಂತು ಎಳನೀರು ಕೊಚ್ಚಿಸುತ್ತಿದ್ದ. ಐವತ್ತು ದಾಟಿದ, ಹೊಟ್ಟೆ ಬಂದ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಪೂರ್ತಿ ಕೇಳಿಸಿಕೊಂಡ, ಎಲ್ಲ ನಂಬರಿಗೂ ಬಿದ್ದಿದೆಯೋ ನಾಲ್ಕಕ್ಕೆ ಮಾತ್ರವೋ ಎಂದು ಕೇಳಿದ, ಮಾಡಿದ ಕೆಲಸ ಮತ್ತೆ ಮಾಡಲು ಎಷ್ಟು ದಿನ ಹಿಡಿಯುತ್ತದೆಂದು ಕೇಳಿದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

"ಹೇಳ್ಬೇಡ ಅಂತ ನಾನನ್ನಲ್ಲ ಕಣಮ್ಮ," ಎಂದ. "ಹೇಳು. ಆದ್ರೆ ಅಷ್ಟು ದೂರದಿಂದ ಬಂದೋರನ್ನ ಬಾಗ್ಲಲ್ಲೇ ನಿಲ್ಸಿ ಹೇಳಕ್ಕಾಯ್ತದಾ? ಉಂಡು ಕೈ ತೊಳ್ಕಳ್ಲಿ. ಹೊಟ್ಟೆ ತುಂಬಿದ್ರೆ ಯಾರಾದ್ರೂ ಒಂದ್ ಮಾತು ತಡ್ಕತಾರೆ."

ಅವಳಿಗೆ ಅದು ಸರಿ ಎನಿಸಿತು. ಅಷ್ಟು ಬೇಗ ಸರಿ ಎನಿಸಿದ್ದು ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ಈ ಸೀಮೆಯಲ್ಲಿ ಹಾಗೇ ನಡೆದು ಬಂದಿದೆ. ಹೆಣ್ಣು ಒಪ್ಪಿಗೆಯಿಲ್ಲ ಎನ್ನುವುದನ್ನೂ, ತೋಟದ ಬೇಲಿ ಒತ್ತುವರಿಯಾಗಿದೆ ಎನ್ನುವುದನ್ನೂ ಎಲೆ ಎತ್ತಿದ ಮೇಲೆಯೇ ಹೇಳುವುದು. ಉಣ್ಣುವವರ ಮುಂದೆ ಕೆಟ್ಟ ಸುದ್ದಿ ಇಡುವವರನ್ನು ಜನ ಬಹಳ ಕಾಲ ನೆನಪಿಡುತ್ತಾರೆ. ಅವಳಿಗೆ ಇದ್ದಕ್ಕಿದ್ದಂತೆ ಹಸಿವಾಯಿತು.

ಕಂಪನಿಯಿಂದ ಬಂದವಳು ಶಿಲ್ಪ ಎಂಬ ಹುಡುಗಿ. ನಸೀಮಳಿಗಿಂತ ಏನಿಲ್ಲವೆಂದರೂ ಹತ್ತು ವರ್ಷ ಚಿಕ್ಕವಳು, ಕಾಲಿಗೆ ಬಿಳಿ ಬೂಟು. ಅದನ್ನು ಕಟ್ಟೆಯ ಮೇಲೆ ಬಿಚ್ಚಿಡುವಾಗ ಒಂದು ಕಾಲ್ಚೀಲ ಹೆಬ್ಬೆರಳ ಹತ್ತಿರ ತೂತಾಗಿದ್ದು ಕಂಡು ನಸೀಮಳಿಗೆ ಯಾಕೋ ಧೈರ್ಯ ಬಂತು. ತಿಮ್ಮರಾಜು, ಇವರೇ ನಮ್ಮ ಸೈಂಟಿಸ್ಟು ಎಂದು ಪರಿಚಯ ಮಾಡಿಕೊಟ್ಟ. ಪಿಎಚ್‌ಡಿ ಎಲ್ಲಿ ಮಾಡಿದ್ದೆಂದು ಶಿಲ್ಪ ಕೇಳಿದಳು. ಮಾಡಿಲ್ಲ ಎಂದಳು ನಸೀಮ್. ಶಿಲ್ಪ, ಪರವಾಗಿಲ್ಲ ಎಂದಳು. ಪರವಾಗಿಲ್ಲ ಎಂದದ್ದು ನಯವಾಗಿಯೇ ಇತ್ತು, ನಯವಾಗಿದ್ದರಿಂದಲೇ ಮುಳ್ಳಿನ ಹಾಗೆ ನಿಂತಿತು. ಲಕ್ಷ್ಮಕ್ಕ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು, ನಸೀಮಳಿಗೆ ಎಂದಿನಂತೆ ಗಾಜಿನ ಲೋಟದಲ್ಲಿ. ಕೆಲಸಕ್ಕೆ ಸೇರಿದ ದಿನದಿಂದ ಆ ಗಾಜಿನ ಲೋಟ ಅವಳೊಬ್ಬಳದೇ. ಮರ್ಯಾದೆಗೋ ಬೇರೆ ಕಾರಣಕ್ಕೋ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಕೇಳದೆ ಇದ್ದರೆ ಎರಡೂ ಆಗಿರಬಹುದು, ಕೇಳಿದರೆ ಒಂದೇ ಆಗುತ್ತದೆ. ಹೀಗೆ ಕೇಳದೆ ಬಿಟ್ಟು ಬದುಕುವುದರಲ್ಲಿ ತನಗೆ ಸಾಕಷ್ಟು ಅಭ್ಯಾಸವಾಗಿದೆ ಎಂದು ಕಾಫಿ ಕುಡಿಯುತ್ತ ಅವಳಿಗೆ ಹೊಳೆಯಿತು. ಹೊಳೆದದ್ದು ಅಷ್ಟು ಹಿತವಾಗಿರಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

ತಣ್ಣನೆಯ ಕೋಣೆಯಲ್ಲಿ ಶಿಲ್ಪ ಬೇರೆಯೇ ವ್ಯಕ್ತಿಯಾದಳು. ಒಂದನೇ ನಂಬರು, ಮೂರು, ಐದು, ಆರು, ಎಲ್ಲವನ್ನೂ ಬೇಗ ಬೇಗ ನೋಡಿ ಇಟ್ಟಳು. ಎರಡನೆಯದರ ಹತ್ತಿರ ನಿಂತಳು. ನಾಲ್ಕನೆಯದರ ಹತ್ತಿರ ನಿಂತಳು. ಮತ್ತೆ ಎರಡಕ್ಕೆ ಹೋದಳು. ಎರಡನೆಯದರಲ್ಲಿ ಕಂದು ಬಣ್ಣದ ಕೊಳೆತ ಮುದ್ದೆ, ನಾಲ್ಕನೆಯದರಲ್ಲಿ ಕೆನೆ ಬಣ್ಣದ್ದು. ಎರಡೂ ಬಾಟಲಿಗಳನ್ನು ಒಂದೊಂದು ಕೈಯಲ್ಲಿ ಹಿಡಿದು, ತರಕಾರಿ ತೂಗುವವಳಂತೆ ಏರಿಸಿ ಇಳಿಸಿ ನೋಡಿದಳು. ತಿಮ್ಮರಾಜು, ನಾಲ್ಕನೇದು ಗಂಡು ತಳಿ ಕಣ್ರೀ ಮೇಡಂ ಎಂದ. ಅವಳು ಅವನ ಕಡೆ ತಿರುಗಲಿಲ್ಲ.

"ಎರಡಕ್ಕೂ ಹಾಕಿರೋದು ಒಂದೇ ಮೀಡಿಯಾ ಅಲ್ವಾ ನಸೀಮ್ ಅವರೇ?"

ಮೀಡಿಯಾ, ಅಂದರೆ ಆಹಾರದ ಬಗ್ಗೆ ಇಷ್ಟು ನೆಟ್ಟಗೆ ಕೇಳಿಯಾಳೆಂದು ನಸೀಮ್ ಅಂದುಕೊಂಡಿರಲಿಲ್ಲ. ಹೇಳಬೇಕಾದ ಮಾತನ್ನು ಅವಳು ಊಟದ ಆಚೆ ದಡದಲ್ಲಿ ಇಟ್ಟು ಬಂದಿದ್ದಳು. ಈ ದಡದಲ್ಲಿ ಅವಳ ಬಳಿ ಏನೂ ಇರಲಿಲ್ಲ. ತಿಮ್ಮರಾಜುವನ್ನು ನೋಡಿದಳು. ಅವನು ಎಸಿಯನ್ನು ನೋಡುತ್ತಿದ್ದ. ಒಂದು ಗಂಟೆಯ ಮಾತು ತಾನೇ, ಈಗ ಹೂಂ ಎಂದರೆ ಅದು ಸುಳ್ಳಲ್ಲ, ನಿಜವನ್ನು ಚೂರು ಹೊತ್ತು ಒಲೆಯ ಬದಿಗೆ ಸರಿಸಿದ ಹಾಗೆ, ಅಷ್ಟೇ.

"ಹೂಂ ಮೇಡಂ," ಎಂದಳು.

ಶಿಲ್ಪ ಬಾಟಲಿಗಳನ್ನು ಕೆಳಗಿಟ್ಟಳು. ಬಹಳ ಮೆಲ್ಲಗೆ ಇಟ್ಟಳು.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಅನ್ನ, ಮಜ್ಜಿಗೆ. ಬೇಡ ಬೇಡ ಎಂದ ಶಿಲ್ಪ ಮುದ್ದೆಯನ್ನು ಪೂರ್ತಿ ಉಂಡಳು, ಅರ್ಧ ಮತ್ತೆ ಹಾಕಿಸಿಕೊಂಡಳು. ಲಕ್ಷ್ಮಕ್ಕ ಬಾಗಿಲ ಹತ್ತಿರ ನಿಂತು, ಇಷ್ಟು ಸಣ್ಣಗಿದ್ದೀಯಲ್ಲವ್ವ, ನಿಮ್ಮ ಕಂಪ್ನೀಲಿ ಉಣ್ಣಕ್ಕಿಕ್ಕಲ್ವಾ ಎಂದು ಕೇಳಿ ಅವಳನ್ನು ನಗಿಸಿದಳು. ತಿಮ್ಮರಾಜು ತೆಂಗಿಗೆ ಉಪ್ಪು ಹಾಕುವ ಮಾತು ತೆಗೆದು ತನ್ನ ಹಳೆಯ ತಮಾಷೆಯನ್ನು ಮತ್ತೆ ಹೇಳಿದ. ನಸೀಮ್ ಎಲ್ಲಕ್ಕೂ ನಕ್ಕಳು. ಒಳಗೆ ಅವಳು ವಾಕ್ಯ ಕಟ್ಟುತ್ತಿದ್ದಳು. 'ಮೇಡಂ, ಒಂದು ತಪ್ಪಾಗಿದೆ' ಎಂದು ಶುರು ಮಾಡಬೇಕು. ಬೇಡ, ತಪ್ಪು ತಾನಾಗಿ ಆಗಲಿಲ್ಲವಲ್ಲ, 'ಒಂದು ತಪ್ಪು ಮಾಡಿದ್ದೇನೆ' ಎನ್ನಬೇಕು. ಅದು ತೀರಾ ಬೆತ್ತಲೆಯಾಯಿತು. 'ನಿಮ್ಮ ಗಮನಕ್ಕೆ ಒಂದು ವಿಷಯ' ಎಂದರೆ ಸರ್ಕಾರಿ ಕಾಗದದ ಹಾಗಿರುತ್ತದೆ. ಅನ್ನಕ್ಕೆ ಬರುವ ಹೊತ್ತಿಗೆ ಆ ವಾಕ್ಯದ ಮೇಲೆ ಅವಳಿಗೆ ಒಂದು ಬಗೆಯ ಅಭಿಮಾನವೇ ಹುಟ್ಟಿತ್ತು. ಕೇಳಿದವರು ಇವಳು ಎಂಥ ಪ್ರಾಮಾಣಿಕಳು ಎಂದಾರು. ಶಿಲ್ಪ ಮೊದಲು ಗಾಬರಿಯಾಗಿ, ಆಮೇಲೆ ಕೈ ಹಿಡಿದು, ಬೇರೆ ಯಾರಾಗಿದ್ದರೂ ಮುಚ್ಚಿಡುತ್ತಿದ್ದರು ಎಂದು ಹೇಳಿದಂತೆಯೂ ಕಂಡಿತು. ಬಾಗಿಲ ಮೇಲಿನ ಹಲಗೆ ಈ ಸಲ ಹಸಿರು ಬಣ್ಣಕ್ಕಿತ್ತು.

ಕೈ ತೊಳೆದ ಮೇಲೆ ತಿಮ್ಮರಾಜು ಅತಿಥಿಯನ್ನು ತೋಟ ತೋರಿಸಲು ಕರೆದುಕೊಂಡು ಹೊರಟ. ಹೋಗುವಾಗ ನಸೀಮಳ ಕಡೆ ನೋಡಿ, ಈಗ ಹೇಳು ಎನ್ನುವಂತೆ ಗಲ್ಲ ಎತ್ತಿದ. ಅವಳು ಹಿಂದೆಯೇ ನಡೆದಳು. ಬಿಸಿಲು ಗರಿಗಳ ನಡುವೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಮುಂದಿನ ಮರದ ಹತ್ತಿರ ಹೇಳುತ್ತೇನೆ ಎಂದುಕೊಂಡಳು. ಆ ಮರದ ಹತ್ತಿರ ತಿಮ್ಮರಾಜು ನುಸಿ ರೋಗದ ಮಾತಾಡುತ್ತಿದ್ದ, ಮಾತು ಕಡಿಯುವುದು ಸರಿಯಲ್ಲ. ಬಾವಿಯ ಹತ್ತಿರ ಹೇಳುತ್ತೇನೆ ಎಂದುಕೊಂಡಳು. ಬಾವಿ ಬಂತು. ಶಿಲ್ಪ ಒಳಗೆ ಬಗ್ಗಿ ನೋಡಿದಳು, ನೀರು ಎಲ್ಲೋ ತಳದಲ್ಲಿತ್ತು. ನಸೀಮ್ ಉಸಿರೆಳೆದುಕೊಂಡು ಬಾಯಿ ತೆರೆದಳು. ತೆರೆದದ್ದು ನಿಜ. ಅದನ್ನು ನೋಡಿದವರು ಯಾರೂ ಇರಲಿಲ್ಲ.

"ಸರ್, ಒಂದು ವಿಷಯ ಹೇಳಬೇಕು," ಎಂದು ಶಿಲ್ಪ ತಿಮ್ಮರಾಜುವಿಗೆ ಹೇಳಿದಳು. "ಊಟಕ್ಕೆ ಮುಂಚೆ ಹೇಳೋದು ಬೇಡ ಅಂತ ಸುಮ್ಮನಿದ್ದೆ. ಎರಡು ಮತ್ತು ನಾಲ್ಕು ಬೇರೆ ಬೇರೆ ತಳಿಯಲ್ಲ. ಒಂದೇ ಚೀಲದ ಗೋಧಿ. ಯಾವ ಲ್ಯಾಬಿಗೆ ಕಳಿಸಿದ್ರೂ ಹೀಗೆ ಒಂದು ಜೋಡಿ ಇಟ್ಟಿರ್ತೀವಿ."

ತಿಮ್ಮರಾಜುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಸೀಮಳಿಗೆ ಹಿಡಿಯಲಿಲ್ಲ. ಒಂದೇ ಗೋಧಿ ಒಂದು ಬಾಟಲಿಯಲ್ಲಿ ಸತ್ತು ಇನ್ನೊಂದರಲ್ಲಿ ಬೆಳೆದಿದ್ದರೆ ಪರೀಕ್ಷೆಯಾದದ್ದು ಗೋಧಿಯದಲ್ಲ. ಊಟದ ಉದ್ದಕ್ಕೂ ಕಟ್ಟಿದ್ದ ವಾಕ್ಯ ಆಗ ಅವಳ ಬಾಯಿಂದ ಹೊರಗೆ ಬಿತ್ತು, ಯಾವ ಜೋಡಣೆಯೂ ಇಲ್ಲದೆ, ಹಿಂದುಮುಂದಾಗಿ: ತೆಂಗಿನ ನೀರು, ಜಗ್ಗು, ಕರೆಂಟು, ಮಸುಕು, ನಾಲ್ಕಕ್ಕೆ ಮಾತ್ರ. ಹೇಳುತ್ತಿದ್ದಂತೆಯೇ ಅವಳ ಕಿವಿಗೇ ಅದು ಕೇಳಿಸಿತು. ಒಂದು ಮಾತೂ ಸುಳ್ಳಿರಲಿಲ್ಲ, ಅಷ್ಟೂ ಮಾತು ಸಿಕ್ಕಿಬಿದ್ದವರ ಮಾತಿನ ಹಾಗೆಯೇ ಇತ್ತು.

ಶಿಲ್ಪ ಸಿಟ್ಟಾಗಲಿಲ್ಲ. "ತಪ್ಪು ಎಲ್ಲರಿಗೂ ಆಗುತ್ತೆ. ನೀವೇ ಹೇಳಿದ್ದಿದ್ರೆ ಇನ್ನೊಂದು ಸಲ ಮಾಡಿ ಅಂತ ನಾನೇ ಬರೀತಿದ್ದೆ. ಅಲ್ಲಿ ಕೇಳಿದ್ನಲ್ಲ, ಹೂಂ ಅಂದ್ರಿ."

"ಊಟ ಆದ್ಮೇಲೆ ಹೇಳಬೇಕು ಅಂತಿದ್ದೆ ಮೇಡಂ."

"ಇರಬಹುದು," ಎಂದಳು ಶಿಲ್ಪ.

ಇಲ್ಲಿ ತಿಮ್ಮರಾಜುವಿನ ಒಳ್ಳೆಯತನ ಎದ್ದು ನಿಂತಿತು. ಅವನು ಮುಂದೆ ಬಂದು, "ಈಯಮ್ಮಂದು ಏನೂ ತಪ್ಪಿಲ್ಲ ಕಣ್ರೀ. ಬೆಳಿಗ್ಗೇನೇ ನನ್ ಹತ್ರ ಎಲ್ಲಾ ಹೇಳವ್ಳೆ. ಊಟ ಆಗ್ಲಿ ತಡಿ ಅಂದಿದ್ದು ನಾನೇ," ಎಂದು ಎದೆ ಮುಟ್ಟಿಕೊಂಡು ಹೇಳಿದ. ಅದುವರೆಗೆ ಒಬ್ಬ ಹೆಂಗಸಿನ ಕೈತಪ್ಪಾಗಿದ್ದದ್ದು ಆ ಒಂದು ಮಾತಿನಿಂದ ಇಬ್ಬರು ಕೂತು ಮಾತಾಡಿಕೊಂಡು ಮಾಡಿದ ಕೆಲಸವಾಯಿತು. ಶಿಲ್ಪ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು, ಕೋಣೆಯಲ್ಲಿ ಎರಡು ಬಾಟಲಿಗಳನ್ನು ನೋಡಿದ ಹಾಗೆಯೇ. ಆಮೇಲೆ ಕಾರು ಹತ್ತಿರ ತರಲು ಡ್ರೈವರಿಗೆ ಫೋನು ಮಾಡಿದಳು. ಹೊರಡುವಾಗ ಲಕ್ಷ್ಮಕ್ಕನಿಗೆ ಸಾರು ಬಹಳ ಚೆನ್ನಾಗಿತ್ತೆಂದು ಹೇಳಿದಳು. ಅದನ್ನು ಮನಸಾರೆ ಹೇಳಿದಳು.

ಸಂಜೆ ಕೆಲಸದ ಹೆಂಗಸರು ಗೋಧಿಯ ಬಾಟಲಿಗಳನ್ನು ಹೊರಗೆ ತಂದು ತೊಳೆಯಲು ಕೂತರು. ನಾಲ್ಕನೇ ನಂಬರಿನ ಮುದ್ದೆಗಳನ್ನು ಎಸೆಯಲು ಒಬ್ಬಳಿಗೆ ಮನಸ್ಸಾಗಲಿಲ್ಲ, ಎಷ್ಟು ಚೆಂದ ಬೆಳೆದವೆ ನೋಡಕ್ಕ ಎಂದಳು. ತೆಂಗಿನ ಬುಡಕ್ಕೆ ಹಾಕು ಎಂದಳು ನಸೀಮ್. ತಿಮ್ಮರಾಜು ಬಂದು ಪಕ್ಕದಲ್ಲಿ ನಿಂತ, ಬಾಳೆ ಇದೆಯಲ್ಲ, ಬುಡು ಅತ್ಲಾಗೆ ಎಂದ. ಇಬ್ಬರು ಹೆಂಗಸರನ್ನು ಮುಂದಿನ ತಿಂಗಳಿನಿಂದ ಬೇಡವೆನ್ನಬೇಕಾಗುತ್ತದೆ, ಯಾರನ್ನೆಂದು ನೀನೇ ನೋಡಿ ಹೇಳು ಎಂದೂ ಅಷ್ಟೇ ಮೆತ್ತಗೆ ಅಂದ. ಅಣ್ಣ, ನೀವಾದರೂ ನಂಬುತ್ತೀರಾ, ನಾನು ಹೇಳುತ್ತಿದ್ದೆ ತಾನೇ ಎಂದು ನಸೀಮಳಿಗೆ ಕೇಳಬೇಕೆನಿಸಿತ್ತು. ಕೇಳಿದರೆ ಅವನು ಹೂಂ ಎನ್ನುತ್ತಾನೆ. ಯಾರು ಏನು ಕೇಳಿದರೂ ಅವನು ಹೂಂ ಎನ್ನುವವನು.

ಬಸ್ಸಿಗೆ ಕಾಯುತ್ತ ಅವಳು ಲೆಕ್ಕ ಹಾಕಿದಳು. ಮೂರು ವರ್ಷದ ಗೋಧಿ ಕೆಲಸ ಹೋಯಿತು. ಇಬ್ಬರ ಕೂಲಿ ಹೋಯಿತು. ತನ್ನ ಕೆಲಸ ಉಳಿಯಿತು, ಸಂಬಳ ಉಳಿಯಿತು. ಬಾವಿಯ ಹತ್ತಿರ ಬಾಯಿ ತೆರೆದದ್ದು ಹೇಳಲಿಕ್ಕೋ, ಬರೀ ಉಸಿರಿಗೋ ಎಂಬುದು ಮಾತ್ರ ಅವಳಿಗೇ ಗೊತ್ತಿಲ್ಲದೆ ಹೋಯಿತು.